ಉಗುರು ಬೆಳ್ಳಗಾಗುವವರೆಗೆ

ಅವಳಿಗೆ ಎಚ್ಚರವಾಗಿತ್ತು, ಕೈಗಳಿಗೆ ಇನ್ನೂ ಆಗಿರಲಿಲ್ಲ. ಹೊದಿಕೆಯ ಮೇಲೆ ಅವೆರಡೂ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿದ್ದವು. ಮಲಗುವಾಗ ಒಳಗೇ ಇಟ್ಟುಕೊಂಡಿದ್ದಳು, ಹೊರಗೆ ಯಾವಾಗ ಬಂದವೋ ತಿಳಿಯದು. ಕಿಟಕಿಯಾಚೆ ಮಂಜು ಕರಗಿರಲಿಲ್ಲ; ಎದುರುಮನೆಯ ಗೋಡೆ ಇದ್ದೂ ಇಲ್ಲದಂತೆ ನಿಂತಿತ್ತು. ಕನಸಿನಲ್ಲಿ ಅವಳು ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ತುಂಬ ಗಂಟುಗಳು. ಒಂದೊಂದನ್ನೂ ಒತ್ತಿದಾಗ ಅದು ಮನುಷ್ಯರ ದನಿಯಲ್ಲಿ ‘ಇಲ್ಲ’ ಎನ್ನುತ್ತಿತ್ತು, ಬಹಳ ಮರ್ಯಾದೆಯಿಂದ. ಈಗ ಎದ್ದು ಕೂತು ಬೆರಳುಗಳನ್ನು ಮಡಿಸಲು ನೋಡಿದಳು. ಎಡಗೈ ಗೊಣಗುತ್ತ ಅರ್ಧ ಮಡಚಿಕೊಂಡಿತು. ಬಲಗೈ ಹೆಬ್ಬೆರಳು ಮಾತ್ರ ಏನು ಮಾಡಿದರೂ ಕದಲಲಿಲ್ಲ. ಕೈ ಅಡಿಯಲ್ಲಿ ಹಾಕಿಕೊಂಡು ಮಲಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ನಿನ್ನೆಯೂ ಹೇಳಿಕೊಂಡದ್ದು ಇದೇ. ಮಂಚದಿಂದ ಇಳಿದಾಗ ನೆಲದ ಮೇಲೆ ಯಾರೋ ಸಣ್ಣ ಕಲ್ಲು ಹರಡಿದ್ದಾರೆ ಅನ್ನಿಸಿತು. ಪಾದ ಲೆಕ್ಕಕ್ಕಿಲ್ಲ ಎಂದು ಅದನ್ನು ಅಲ್ಲಿಗೇ ಬಿಟ್ಟಳು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಬೋಗುಣಿಗೆ ಬಿಸಿನೀರು ಬಿಟ್ಟು, ಎರಡೂ ಕೈ ಮುಳುಗಿಸಿ ನಿಂತಳು. ನೀರಿನಲ್ಲಿ ಕೈಗಳು ದೊಡ್ಡವಾಗಿ, ಬೇರೆ ಯಾರದೋ ಆಗಿ ಕಂಡವು. ಚಿಲಕ ಯಾಕೆ ಹಾಕಿಕೊಂಡೆ, ಮನೆಯಲ್ಲಿ ಇರುವುದು ಅಕ್ಕ ಒಬ್ಬಳೇ ತಾನೆ, ಎಂದುಕೊಂಡಳು. ಅಕ್ಕ ಇರುವುದರಿಂದಲೇ ಎಂದು ಒಳಗಿನಿಂದ ಉತ್ತರ ಬಂತು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ.

ಅಕ್ಕ ಅಡುಗೆಮನೆಯಲ್ಲಿ ಕೂತು, ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿಹಿಡಿದು ಕಾಫಿ ಕುಡಿಯುತ್ತಿದ್ದಳು. ಅವಳ ಬೆರಳುಗಳು ಲೋಟ ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಎಲ್ಲವೂ ಕಿರುಬೆರಳ ಕಡೆಗೆ ವಾಲಿಕೊಂಡು, ಬುಡದಲ್ಲಿ ಗಂಟಾಗಿ, ತುದಿಯಲ್ಲಿ ಬಾಗಿ ನಿಂತುಬಿಟ್ಟಿದ್ದವು. ಈಗಿನ ಔಷಧಗಳು ಬರುವುದಕ್ಕೆ ಮೊದಲೇ ರೋಗ ಬಂದು, ತನ್ನ ಕೆಲಸ ಮುಗಿಸಿ, ಹೊರಟುಹೋಗಿತ್ತು. ನೋವು ಈಗ ಅಷ್ಟಿಲ್ಲ, ಆಕಾರ ಮಾತ್ರ ಉಳಿದಿದೆ. ಅಕ್ಕ ಅದನ್ನು ‘ನನ್ನ ಬಳುವಳಿ’ ಎನ್ನುತ್ತಾಳೆ. ಆ ಕೈಗಳಿಗೆ ಗುಂಡಿ ಹಾಕಲು ಬಾರದು. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಅಕ್ಕನ ಕಂದು ಸ್ವೆಟರಿನ ಗುಂಡಿ ಹಾಕುವುದು ಇವಳ ಕೆಲಸ. ಅಕ್ಕ ಗಲ್ಲ ಮೇಲೆತ್ತಿ ಸೂರು ನೋಡುತ್ತ ನಿಲ್ಲುವಳು, ಇವಳು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹಾಕುತ್ತ ಬರುವಳು, ಇಬ್ಬರೂ ಮಾತಾಡುತ್ತಿರಲಿಲ್ಲ, ದಿನದ ಅತ್ಯಂತ ನೆಮ್ಮದಿಯ ಗಳಿಗೆ ಅದು. ಕೆಲವು ದಿನಗಳಿಂದ ಅಕ್ಕ ತಲೆಯ ಮೇಲಿಂದ ಎಳೆದುಕೊಳ್ಳುವ ಬೂದು ಸ್ವೆಟರು ಹಾಕುತ್ತಿದ್ದಳು. ಅದರೊಳಗೆ ತೋಳು ತೂರಿಸಲು ಅವಳು ಪಡುವ ಪಾಡು ಬಾಗಿಲಾಚೆಯಿಂದ ಕೇಳಿಸುತ್ತಿತ್ತು.

“ಗುಂಡಿದು ಹಾಕ್ಕೊಳ್ಳಲ್ವಾ?” ಎಂದಳು, ಇವತ್ತೂ.

“ಅದರ ಬಣ್ಣ ನೋಡಿ ನೋಡಿ ಸಾಕಾಗಿದೆ. ಮುದುಕಿ ಅಂತ ಆಸೆ ಇರಬಾರದಾ?” ಎಂದಳು ಅಕ್ಕ. ಆಮೇಲೆ, “ಬ್ರೆಡ್ ಕತ್ತರಿಸಿದ್ದೇ ತಂದಿಟ್ಟಿದೀನಿ. ಅಂಗಡಿಯವನೇ ಕತ್ತರಿಸಿ ಕೊಟ್ಟ.”

ಒಳ್ಳೆಯದೇ ಆಯಿತು ಎಂದು ಅವಳಿಗೆ ನಿರಾಳವಾಯಿತು, ನಿರಾಳವಾದದ್ದಕ್ಕೆ ನಾಚಿಕೆಯೂ ಆಯಿತು.

ಬಸ್ಸಿನಲ್ಲಿ ಕಂಬ ಹಿಡಿಯಲಿಲ್ಲ, ತೋಳಿನಲ್ಲಿ ತಬ್ಬಿ ನಿಂತಳು. ಪಕ್ಕದಲ್ಲಿ ನಿಂತವರ ಕೈಗಳನ್ನು ನೋಡುವುದು ಅವಳ ಅಭ್ಯಾಸ. ನುಣುಪಾದ ಗೆಣ್ಣು, ಒರಟು ಗೆಣ್ಣು, ಉಂಗುರ ಇಳಿಯದ ಗೆಣ್ಣು. ಜನರ ಮುಖ ಅವಳಿಗೆ ನೆನಪಿರುವುದಿಲ್ಲ. ಅಂಗಡಿಯಲ್ಲಿ ಯಾರಾದರೂ ‘ಚೆನ್ನಾಗಿದೀರಾ’ ಎಂದರೆ ಗಾಬರಿಯಾಗಿ ಅವರ ಕೈ ನೋಡುತ್ತಾಳೆ, ಆಗ ಗುರುತು ಹತ್ತುತ್ತದೆ. ಕೀಲು ಊದಿ ನೋಯುವ ರೋಗಕ್ಕೆ ಹೊಸ ಔಷಧವೊಂದನ್ನು ಪರೀಕ್ಷಿಸುವ ಜಾಗದಲ್ಲಿ ಅವಳು ಕೀಲು ನೋಡುವವಳು. ಅಷ್ಟೇ ಕೆಲಸ. ಯಾರಿಗೆ ನಿಜವಾದ ಔಷಧ, ಯಾರಿಗೆ ಬರೀ ನೀರು, ಅವಳಿಗೆ ತಿಳಿಯಬಾರದು. ಯಾರ ರಕ್ತದಲ್ಲಿ ಏನು ಬಂತು, ತಿಳಿಯಬಾರದು. ಹೇಗಿದ್ದೀರಿ ಎಂದು ಕೇಳುವಂತಿಲ್ಲ, ಅವರು ಹೇಳಿದರೆ ಕೇಳಿಸಿಕೊಳ್ಳುವಂತಿಲ್ಲ. ಇಪ್ಪತ್ತೆಂಟು ಕೀಲು: ಭುಜ, ಮೊಣಕೈ, ಮಣಿಕಟ್ಟು, ಬೆರಳುಗಳ ಬುಡ ಮತ್ತು ನಡು, ಮಂಡಿ. ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಒತ್ತಿ ‘ನೋವಿದೆಯಾ?’ ಎಂದು ಕೇಳಬೇಕು, ಊತ ಇದೆಯೋ ಇಲ್ಲವೋ ಬೆರಳಿಗೆ ತಿಳಿಯಬೇಕು. ಎಷ್ಟು ಒತ್ತಬೇಕು ಎನ್ನುವುದಕ್ಕೆ ಒಂದು ಗುರುತಿದೆ: ಒತ್ತುವ ಹೆಬ್ಬೆರಳಿನ ಉಗುರು ಬೆಳ್ಳಗಾಗುವವರೆಗೆ. ಎಲ್ಲರಿಗೂ ಅಷ್ಟೇ, ಎಳೆಯ ಹೆಂಗಸಿಗೂ ಅಷ್ಟೇ, ಗಟ್ಟಿ ಆಳಿಗೂ ಅಷ್ಟೇ. ನೋವಿನ ಕೀಲು, ಊದಿದ ಕೀಲು, ರಕ್ತದ ಅಂಕಿ, ರೋಗಿ ತಾನೇ ಕೊಟ್ಟುಕೊಂಡ ಅಂಕ, ಈ ನಾಲ್ಕನ್ನೂ ಕೂಡಿಸಿ ರೋಗ ಎಷ್ಟು ಉರಿಯುತ್ತಿದೆ ಎಂದು ಬೇರೆ ಕೋಣೆಯಲ್ಲಿ ಲೆಕ್ಕ ಹಾಕುತ್ತಾರೆ. ಆ ಕೋಣೆಗೆ ಅವಳು ಹೋಗುವಂತಿಲ್ಲ. ವರ್ಷಕ್ಕೊಮ್ಮೆ ಅವಳ ಹೆಬ್ಬೆರಳಿಗೇ ಪರೀಕ್ಷೆ: ಕಣ್ಣು ಮುಚ್ಚಿ ತೂಕದ ಯಂತ್ರದ ತಟ್ಟೆ ಒತ್ತಬೇಕು, ಮುಳ್ಳು ನಾಲ್ಕು ಕಿಲೋ ತೋರಿಸಬೇಕು. ಅವಳು ಒತ್ತಿದಾಗಲೆಲ್ಲ ಮುಳ್ಳು ನಾಲ್ಕರ ಮೇಲೆ ಹೋಗಿ ನಿಲ್ಲುತ್ತಿತ್ತು, ಒಂದು ಕೂದಲೂ ಆಚೀಚೆ ಇಲ್ಲ. ದೊಡ್ಡ ಡಾಕ್ಟರು ಚಪ್ಪಾಳೆ ತಟ್ಟಿ “ನಮ್ಮ ತಕ್ಕಡಿ!” ಎಂದಿದ್ದರು. ಅಂದಿನಿಂದ ಅಲ್ಲಿ ಅವಳ ಹೆಸರೇ ತಕ್ಕಡಿ. ಮದುವೆ, ಮಕ್ಕಳು, ಮನೆ, ಮಾತು, ಯಾವುದರಲ್ಲೂ ಯಾರಿಂದಲೂ ಶಭಾಸ್ ಅನ್ನಿಸಿಕೊಳ್ಳದ ಅವಳಿಗೆ ಆ ಹೆಸರು ಒಂದು ಒಡವೆಯಾಗಿತ್ತು.

ಯಾವಾಗ ಶುರುವಾಯಿತು ಎಂದು ನೆನಪಿಸಿಕೊಳ್ಳಲು ನೋಡಿದರೆ ಶುರುವೇ ಸಿಗುವುದಿಲ್ಲ. ಜಾಡಿಯ ಮುಚ್ಚಳ ಒಮ್ಮೆ ಬಿಗಿಯಾಗಿತ್ತು; ಆಮೇಲೆ ಯಾಕೋ ಎಲ್ಲ ಜಾಡಿಗಳ ಮುಚ್ಚಳವೂ ಸಡಿಲವಾಗಿಯೇ ಇರುತ್ತಿತ್ತು. ಬೀಗದ ಕೈ ತಿರುಗಲು ತಡಮಾಡಿತು. ಒಂದು ಭಾನುವಾರ ಅಕ್ಕ ಮಲಗಿದ್ದಾಗ ಅಡುಗೆಮನೆಯ ಹಿಟ್ಟು ತೂಗುವ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳು ಊರಿದಳು. ಬುಡದಿಂದ ಒಂದು ಬಿಸಿ ತಂತಿ ಮಣಿಕಟ್ಟಿನವರೆಗೆ ಓಡಿತು. ನಾಲ್ಕು ಎಂದು ಬೆರಳು ಹೇಳಿತು. ಕಣ್ಣು ಬಿಟ್ಟರೆ ಮುಳ್ಳು ಎರಡನ್ನು ದಾಟಿ ಅಲ್ಲೇ ನಡುಗುತ್ತಿತ್ತು. ಮತ್ತೆ ಒತ್ತಿದಳು. ಮತ್ತೆ ಅಷ್ಟೇ. ಅದಕ್ಕಿಂತ ಮುಂದೆ ಹೋಗಲು ಕೈ ಒಪ್ಪಲಿಲ್ಲ, ಹೆದರಿದ ಹಸು ಸೇತುವೆಯ ಮುಂದೆ ನಿಂತುಬಿಡುವ ಹಾಗೆ. ಬಾಗಿಲಲ್ಲಿ ಅಕ್ಕ ಎದ್ದುಬಂದು ನಿಂತಿದ್ದಳು.

“ಏನೇ ತೂಗ್ತಿದೀಯ, ಬರೀ ತಟ್ಟೆ?”

“ಏನಿಲ್ಲ.”

“ಏನಿಲ್ಲದ್ದು ಎಷ್ಟಾಯ್ತು?” ಎಂದು ಅಕ್ಕ ನಕ್ಕು ನೀರು ಕುಡಿಯಲು ಹೋದಳು.

ಅವಳೂ ನಕ್ಕಳು. ಮರುದಿನ ಕೆಲಸಕ್ಕೆ ಹೋಗಿ ಮೊದಲ ರೋಗಿಯ ಬೆರಳು ಹಿಡಿದಾಗ, ನಾನೀಗ ಅರ್ಧ ಒತ್ತುತ್ತಿದ್ದೇನೆ ಎಂದು ಗೊತ್ತಿದ್ದೇ ಒತ್ತಿದಳು. “ಇಲ್ಲ” ಎಂದಿತು ಆ ಬೆರಳು. ಮುಂದಿನದೂ “ಇಲ್ಲ.” ಇಷ್ಟು ಜನ ಇಲ್ಲ ಎನ್ನುವುದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಆ ವಾರ ದೊಡ್ಡ ಡಾಕ್ಟರು ಹಜಾರದಲ್ಲಿ ಸಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದರು, ಔಷಧ ಕೆಲಸ ಮಾಡುತ್ತಿದೆ ಎಂದು ಯಾರೋ ಯಾರಿಗೋ ಹೇಳುತ್ತಿದ್ದರು. ಹೇಳಬೇಕು, ಇವತ್ತೇ ಹೇಳಬೇಕು, ಎಂದುಕೊಳ್ಳುತ್ತಿದ್ದಳು. ಹೇಳಿದರೆ ಕೈ ತೋರಿಸು ಎನ್ನುತ್ತಾರೆ. ತೋರಿಸಿದರೆ ಒತ್ತುತ್ತಾರೆ. ಒತ್ತಿದರೆ ಅದಕ್ಕೊಂದು ಹೆಸರಿದೆ, ಆ ಹೆಸರು ಚಿಕ್ಕಂದಿನಿಂದ ಅವಳಿಗೆ ಗೊತ್ತು, ಅದು ಮನೆಯಲ್ಲಿ ಎರಡು ಅಂಗೈ ನಡುವೆ ಲೋಟ ಹಿಡಿದು ಕೂತಿದೆ. ಹೇಳದೆ ಉಳಿದರೆ ಅದು ಬರೀ ಅಡಿಯಲ್ಲಿ ಸಿಕ್ಕಿಕೊಂಡ ಕೈ.

ಇವತ್ತು ಕಟಿಂಗ್ ಅಂಗಡಿಯವರ ಸರದಿ. ಹಜಾರದಲ್ಲಿ ಅವರ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ ಟಪ್ಪೆಂದು ಬೀಳುತ್ತಿತ್ತು, ಇನ್ನೊಂದು ಮೆಲ್ಲಗೆ, ನೆಲವನ್ನು ಕೇಳಿಕೊಂಡು ಬೀಳುತ್ತಿತ್ತು. ಇಡೀ ದಿನ ನಿಂತು ಬೇರೆಯವರ ತಲೆ ನೋಡುವ ಮನುಷ್ಯ. ಪಾದ ನೋಯುತ್ತಿರಬೇಕು. ಆದರೆ ಪಾದ ಇಪ್ಪತ್ತೆಂಟರಲ್ಲಿ ಬರುವುದಿಲ್ಲ. ಬೂಟಿನೊಳಗೆ ಬೆಂಕಿಯೇ ಬಿದ್ದಿರಲಿ, ಅವಳು ಅದನ್ನು ಕಂಡಿಲ್ಲ. ಈ ಅಧ್ಯಯನದಲ್ಲಿ ಎರಡು ಸಲ ಒಂದರ ಹಿಂದೊಂದು ಲೆಕ್ಕ ಕಡಿಮೆ ಬಂದರೆ ರೋಗ ತಣ್ಣಗಾಗಿದೆ ಎಂದು ತಿಳಿದು ಸೂಜಿಯಲ್ಲಿ ಕೊಡುವ ಔಷಧವನ್ನು ಅರ್ಧಕ್ಕೆ ಇಳಿಸುತ್ತಾರೆ. ಹೋದ ತಿಂಗಳು ಅವರ ಲೆಕ್ಕ ಮೊದಲ ಸಲ ಇಳಿದಿತ್ತಂತೆ. ಅವಳಿಗೆ ತಿಳಿಯಬಾರದಾಗಿತ್ತು, ಹೊರಗೆ ಬೆಂಚಿನ ಮೇಲೆ ಅವರು ಹೆಂಡತಿಗೆ ಫೋನಿನಲ್ಲಿ ಗಟ್ಟಿಯಾಗಿ ಹೇಳುವಾಗ ಬಾಗಿಲು ತೆರೆದಿತ್ತು. ಇಳಿಸಿದ್ದು ಯಾವುದು, ಔಷಧವೋ, ಹೆಬ್ಬೆರಳೋ? ಇವತ್ತೂ ಎರಡು ಕಿಲೋ ಒತ್ತಿದರೆ ಸೂಜಿ ಅರ್ಧವಾಗುತ್ತದೆ, ಒಳಗಿನ ಉರಿ ಯಾರ ಅಡ್ಡಿಯೂ ಇಲ್ಲದೆ ಕೀಲುಗಳನ್ನು ತಿನ್ನುತ್ತ ಹೋಗುತ್ತದೆ, ಒಂದು ದಿನ ಅವರ ಕೈಯಲ್ಲಿ ಕತ್ತರಿಯ ಎರಡು ಉಂಗುರಗಳೂ ನಿಲ್ಲುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ನಾಲ್ಕು ಕಿಲೋ ಒತ್ತೋಣ, ಇವರೊಬ್ಬರಿಗೆ ಹೇಗಾದರೂ ಒತ್ತಿಬಿಡೋಣ, ಆಮೇಲೆ ನೋಡಿಕೊಳ್ಳೋಣ ಎಂದು ಅವಳು ನಿರ್ಧರಿಸಿದಳು.

ಅವರು ಒಳಗೆ ಬಂದು ಕೂತರು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಬರೆಯುವಾಕೆ ಕೂತಿದ್ದಳು, ಬಾಯಲ್ಲಿ ಪೆಪ್ಪರ್‌ಮಿಂಟು. ಕೂಗಿ ಹೇಳಿದ ಹೌದು, ಇಲ್ಲಗಳನ್ನಷ್ಟೇ ಅವಳು ಗುರುತು ಹಾಕಬೇಕು, ತಿರುಗಿ ನೋಡಬಾರದು. ಅಂಗಡಿಯವರ ಕೈಗಳಲ್ಲಿ ಸೋಪಿನ ವಾಸನೆಯಿತ್ತು. ಉಗುರುಗಳು ಇವಳ ಉಗುರಿಗಿಂತ ಚೊಕ್ಕಟ.

“ಭುಜ. ನೋವಿದೆಯಾ?”

“ಇಲ್ಲಮ್ಮ.”

“ಇಲ್ಲ,” ಎಂದಳು ಗೋಡೆಯ ಕಡೆಗೆ.

“ಮಾತಾಡಬಾರದು ಅಂತ ಗೊತ್ತು,” ಎಂದರು ಅವರು ತಗ್ಗಿದ ದನಿಯಲ್ಲಿ, “ಆದ್ರೂ ಒಂದ್ ಮಾತು ಹೇಳ್ಬಿಡ್ತೀನಿ. ಮೊದ್ಲು ನಿಮ್ಮ ಕೋಣೆ ಅಂದ್ರೆ ನಂಗೆ ಜೀವ ಹೋಗ್ತಿತ್ತು. ಹೋದ್ ಸಲ ಏನೂ ನೋವೇ ಆಗ್ಲಿಲ್ಲ. ನಿಮ್ಮ ಕೈಗುಣ ತಾಯಿ, ನಿಮ್ಮ ಕೈಗುಣ. ಸೂಜಿ ಅರ್ಧ ಆಗತ್ತೆ ಅಂತ ಮನೇಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ.”

“ಮಾತಾಡಬಾರದು,” ಎಂದಳು. ದನಿ ತನ್ನದೆನ್ನಿಸಲಿಲ್ಲ. ಕೋಣೆಯ ಬೆಳಕು ಹಾಲಿನಂತೆ ಮಂದವಾಗಿ ಎಲ್ಲದರ ಅಂಚನ್ನೂ ಒರೆಸುತ್ತಿತ್ತು, ಅವರ ಕೈ ಎಲ್ಲಿ ಮುಗಿಯಿತು, ತನ್ನದು ಎಲ್ಲಿ ಶುರುವಾಯಿತು, ಸ್ಪಷ್ಟವಿರಲಿಲ್ಲ. ಮೊಣಕೈಗೆ ಬಂದಳು, ಮಣಿಕಟ್ಟಿಗೆ ಬಂದಳು. ಹೆಬ್ಬೆರಳಿನ ಉಗುರು ನೋಡಿದಳು. ಗುಲಾಬಿ ಬಣ್ಣದ್ದಾಗಿಯೇ ಇತ್ತು, ಮಗುವಿನ ಉಗುರಿನ ಹಾಗೆ. ಮಣಿಕಟ್ಟು ಇಲ್ಲ ಎಂದಿತು, ಕನಸಿನಲ್ಲಿ ಹಿಟ್ಟು ಹೇಳಿದಷ್ಟೇ ಮರ್ಯಾದೆಯಿಂದ. ಗೋಡೆಯ ಕಡೆಯಿಂದ ಪೆಪ್ಪರ್‌ಮಿಂಟು ಕಡಿದ ಸದ್ದು. ಅವರ ತೋರುಬೆರಳಿನ ಬುಡಕ್ಕೆ ಬೆರಳು ಇಟ್ಟಳು. ಕತ್ತರಿ ತಾಗಿ ತಾಗಿ ಅಲ್ಲೊಂದು ಗಟ್ಟಿ ಚರ್ಮವಿತ್ತು. ಚರ್ಮದ ಕೆಳಗೆ ಏನಾದರೂ ಮೆತ್ತಗಿದೆಯೇ? ಮೊದಲಾಗಿದ್ದರೆ ತಟ್ಟನೆ ತಿಳಿಯುತ್ತಿತ್ತು. ಈಗ ಬೆರಳಿಗೆ ತನ್ನದೇ ಗಲಾಟೆ, ಇನ್ನೊಬ್ಬರದು ಕೇಳಿಸುವುದಿಲ್ಲ. ಉಸಿರು ಹಿಡಿದು, ಭುಜದಿಂದ ಇಡೀ ಮೈಭಾರವನ್ನು ಹೆಬ್ಬೆರಳಿಗೆ ಇಳಿಸಿದಳು. ಉಗುರು ಅಂಚಿನಲ್ಲಿ ಬಿಳಿಚಿತು, ನಡುವೆ ಬಿಳಿಚಿತು, ಪೂರ್ತಿ ಬೆಳ್ಳಗಾಯಿತು.

“ಅಯ್ಯೋ!”

ಅಂಗಡಿಯವರ ರೆಪ್ಪೆಗಳು ಬಿಗಿಯಾಗಿ ಮುಚ್ಚಿದ್ದವು. ಅವರ ಬಾಯಿಯೂ ಮುಚ್ಚಿತ್ತು.

“ಅದು ಹೌದು ತಾನೆ?” ಎಂದಳು ಬರೆಯುವಾಕೆ ಗೋಡೆಗೆ. “ಹೌದು ಅಂತ ಹಾಕ್ಕೊಂಡೆ.”

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಹೌದು ಎನ್ನುವುದು ಸರಿಯಾದ ಉತ್ತರವೂ ಆಗಿತ್ತು, ಅವರ ರೆಪ್ಪೆ ಹೇಳುತ್ತಿತ್ತು. ಇನ್ನು ಹೀಗೇ ಒಂದೆರಡು ಹೌದು ಸೇರಿಸಿದರೆ ಅವರ ಸೂಜಿ ಉಳಿಯುತ್ತಿತ್ತು, ಅವಳ ಒಡವೆಯೂ ಉಳಿಯುತ್ತಿತ್ತು. ಅಷ್ಟನ್ನೂ ಅವಳು ಯೋಚಿಸಿದಳು. ಆದರೆ ಆ ಕೂಗು ಇನ್ನೂ ಅವಳ ಗಂಟಲಿನಲ್ಲೇ ಬೆಚ್ಚಗೆ ಕೂತಿತ್ತು. ಇನ್ನೊಬ್ಬರ ನೋವಿನ ಜಾಗದಲ್ಲಿ ತನ್ನದನ್ನು ಬರೆಸುವುದೆಂದರೆ ಅವಳಿಗೆ ಹೇಸಿಗೆಯಾಯಿತು.

“ಹೊಡೆದು ಹಾಕು,” ಎಂದಳು. “ಅದು ಅವರದಲ್ಲ. ಕೂಗಿದ್ದು ನಾನು.”

ಬರೆಯುವಾಕೆ ಮೊಟ್ಟಮೊದಲ ಸಲ ತಿರುಗಿ ನೋಡಿದಳು.

ಆಮೇಲೆ ಆದದ್ದೆಲ್ಲ ದೂರದಲ್ಲಿ, ಗಾಜಿನಾಚೆ ಆದ ಹಾಗಿತ್ತು. ದೊಡ್ಡ ಡಾಕ್ಟರು ಬಂದರು. ಅವಳು ಎಲ್ಲ ಹೇಳಿದಳು, ಹಿಟ್ಟಿನ ತಕ್ಕಡಿ, ಎರಡು ಕಿಲೋ, ಇಷ್ಟು ದಿನ ಮುಚ್ಚಿಟ್ಟದ್ದು. ಅವರು ಬಯ್ಯುತ್ತಾರೆ ಎಂದುಕೊಂಡಿದ್ದಳು; ಬೈದಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ಹೋದ ತಿಂಗಳಿಂದ ನೀವು ನೋಡಿದವ್ರನ್ನೆಲ್ಲ ಮತ್ತೆ ಕರೀಬೇಕು,” ಎಂದರು. “ಎಲ್ಲರನ್ನೂ. ನಾನು ಇದನ್ನ ಮೇಲಿನವ್ರಿಗೆ ಹೇಳ್ಲೇಬೇಕಮ್ಮ.” ತಕ್ಕಡಿ ಎನ್ನಲಿಲ್ಲ, ‘ಅಮ್ಮ’ ಎಂದರು. ಅದು ಅವಳಿಗೆ ಚುಚ್ಚಿತು. ಮೇಲಿನ ಮಹಡಿಯಿಂದ ಇನ್ನೊಬ್ಬ ಕೀಲು ನೋಡುವವನನ್ನು ಕರೆಸಿದರು. ಕೋಣೆಯೊಳಗಿಂದ ಅಂಗಡಿಯವರ ದನಿ ಹೊರಗಿನ ಬೆಂಚಿಗೆ ಕೇಳಿಸುತ್ತಿತ್ತು: ಹೌದು. ಹೌದು. ಇಲ್ಲ. ಹೌದಪ್ಪ, ಹೌದು. ಹೊರಗೆ ಬಂದವರು ಅವಳ ಮುಂದೆ ನಿಂತರು.

“ಯಾಕಮ್ಮ ಹೀಗ್ ಮಾಡಿದ್ರಿ?” ಎಂದರು. ಕೋಪವೋ ಅಳುವೋ ತಿಳಿಯದ ದನಿ. “ಒಳ್ಳೇದಾಗ್ತಿದೆ ಅಂದ್ಕೊಂಡು ಎಷ್ಟ್ ಖುಷಿಯಾಗಿದ್ದೆ ನಾನು.”

ಒಂದು ಹೆಜ್ಜೆ ಟಪ್ಪೆಂದೂ ಇನ್ನೊಂದು ಮೆಲ್ಲಗೂ ಹಜಾರ ದಾಟಿ ಮೆಟ್ಟಿಲಿಳಿದು ಹೋಗುವವರೆಗೂ ಅವಳು ತಲೆ ತಗ್ಗಿಸಿ ಕೂತಿದ್ದಳು.

ಡಾಕ್ಟರು ಅವಳನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಂದ ನೋಡಿದರೆ ಕೋಣೆ ಬೇರೆಯೇ ಆಗಿತ್ತು. ಎದುರಿನ ಗೋಡೆಯ ಮೇಲೆ ಒದ್ದೆಯ ಕಲೆಯೊಂದಿತ್ತು, ಇಷ್ಟು ವರ್ಷ ಅದಕ್ಕೆ ಬೆನ್ನು ಹಾಕಿ ಕೆಲಸ ಮಾಡಿದ್ದಳು. ಬಂದವರೆಲ್ಲ ಆ ಕಲೆಯನ್ನು ನೋಡುತ್ತ ಕೂತಿದ್ದರು ಎಂದಾಯಿತು. ಅವರು ಅವಳ ಹೆಬ್ಬೆರಳಿನ ಬುಡ ಒತ್ತಿದರು. “ನೋವಿದೆಯಾ?”

“ಇಲ್ಲ,” ಎಂದಳು.

ಎಂದ ಮೇಲೆ ಅವಳೇ ಬೆಚ್ಚಿದಳು. ಡಾಕ್ಟರು ಅವಳ ಮುಖ ನೋಡಿದರು, ಮುಂದಿನ ಬೆರಳಿಗೆ ಹೋದರು. ಅವಳು ಎಲ್ಲದಕ್ಕೂ ಇಲ್ಲ, ಸ್ವಲ್ಪ, ಇಲ್ಲ ಎನ್ನುತ್ತ ಹೋದಳು. ನಿಜ ಹೇಳಲು ಬಂದು ಕೂತವಳ ನಾಲಗೆ ತನ್ನಷ್ಟಕ್ಕೆ ತಾನೇ ಮರ್ಯಾದೆ ಕಾಯುತ್ತಿತ್ತು. ಕೊನೆಗೆ ಅವರು ಎದ್ದು, “ರಕ್ತ ಕೊಟ್ಟು ಹೋಗಿ,” ಎಂದರು.

ರಕ್ತದ ಕೋಣೆಯ ಹೊಸ್ತಿಲಲ್ಲಿ ಅವಳು ಅಭ್ಯಾಸಬಲದಿಂದ ನಿಂತುಬಿಟ್ಟಳು. ಅಲ್ಲಿ ಕೆಲಸ ಮಾಡುವ ಉದ್ದನೆಯ ಮನುಷ್ಯ, “ಬನ್ನಿ, ಬನ್ನಿ. ಇನ್ನು ನಿಮಗೇನು ಅಡ್ಡಿ?” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ರಕ್ತ ತೆಗೆದು ಒಂದಿಷ್ಟನ್ನು ಸಪೂರ ಗಾಜಿನ ಕೊಳವೆಗೆ ಏರಿಸಿ ಸ್ಟ್ಯಾಂಡಿಗೆ ನೆಟ್ಟಗೆ ನಿಲ್ಲಿಸಿದ. “ಒಂದ್ ಗಂಟೆ ಹೀಗೇ ನಿಂತಿರಬೇಕು. ಒಳಗೆ ಉರಿ ಇದ್ರೆ ಕೆಂಪು ಬೇಗ ಬೇಗ ಕೆಳಗಿಳಿಯತ್ತೆ, ಇಲ್ದಿದ್ರೆ ನಿಧಾನ. ನೋಡ್ತಾ ಕೂತ್ರೆ ಏನೂ ಕಾಣಲ್ಲ, ಆಚೆ ಹೋಗಿ ಟೀ ಕುಡ್ಕೊಂಡ್ ಬನ್ನಿ.”

ಅವಳು ಹೋಗಲಿಲ್ಲ. ಕೊಳವೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಮೊದಲು ಎಲ್ಲ ಕೆಂಪು. ಆಮೇಲೆ ಮೇಲ್ತುದಿಯಲ್ಲಿ ಒಂದು ಎಳೆ ತಿಳಿಹಳದಿ, ಇದೆಯೋ ಇಲ್ಲವೋ ಎಂಬಂತೆ, ಬೆಳಗಿನ ಮಂಜಿನಲ್ಲಿ ಎದುರುಮನೆಯ ಗೋಡೆ ಇದ್ದ ಹಾಗೆ. ಆ ಹಳದಿಯೊಳಗೆ ಒಂದು ಕಿಟಕಿ, ಕಿಟಕಿಯ ಬಳಿ ಒಬ್ಬ ಮುದಿ ಡಾಕ್ಟರು, ಅವರ ಮುಂದೆ ಅಕ್ಕ. ಅಕ್ಕನಿಗೆ ಆಗ ಇಪ್ಪತ್ತೆರಡು, ಆಫೀಸೊಂದರಲ್ಲಿ ಟೈಪಿಸ್ಟು. ಅವಳ ಟೈಪಿಂಗ್ ಸದ್ದು ಕೇಳಲು ಪಕ್ಕದ ಕೋಣೆಯವರು ಬಾಗಿಲು ತೆರೆದಿಡುತ್ತಿದ್ದರಂತೆ. ತಂಗಿ ಹತ್ತು ವರ್ಷದವಳು, ಜೊತೆಗೆ ಯಾರೂ ಇಲ್ಲವೆಂದು ಅಕ್ಕನೇ ಕರೆದುಕೊಂಡು ಹೋಗಿದ್ದಳು. ಡಾಕ್ಟರು ಒಂದೊಂದೇ ಬೆರಳು ಅದುಮಿ ‘ನೋವಾ?’ ಎನ್ನುತ್ತಿದ್ದರು. ‘ಇಲ್ಲ’ ಎನ್ನುತ್ತಿದ್ದಳು ಅಕ್ಕ, ನಗುತ್ತ. ನೋವೆಂದರೆ ಆಫೀಸಿಗೆ ಹೋಗಬೇಡ ಎನ್ನುತ್ತಾರೆ. ಪ್ರತಿ ‘ಇಲ್ಲ’ದ ಜೊತೆಗೂ ಅವಳ ರೆಪ್ಪೆ ಒಮ್ಮೆ ಅದುರುತ್ತಿತ್ತು. ಡಾಕ್ಟರು ಬೆರಳು ನೋಡುತ್ತಿದ್ದರು, ರೆಪ್ಪೆ ನೋಡುತ್ತಿದ್ದವಳು ತಂಗಿ ಒಬ್ಬಳೇ. ಬಾಯಿ ಏನೇ ಹೇಳಲಿ, ರೆಪ್ಪೆ ಸುಳ್ಳು ಹೇಳುವುದಿಲ್ಲವೆಂದು ಅವಳು ಕಲಿತದ್ದು ಅಲ್ಲಿ. ರಾತ್ರಿ ಅಕ್ಕ ಕೈಗಳನ್ನು ಹೊದಿಕೆಯ ಹೊರಗಿಟ್ಟು ಮಲಗುತ್ತಿದ್ದಳು. ಬಟ್ಟೆಯ ಭಾರವೂ ತಡೆಯುತ್ತಿರಲಿಲ್ಲ. ಚಳಿಯಲ್ಲಿ ಆ ಕೈಗಳು ತಣ್ಣಗೆ ಹೊಳೆಯುತ್ತಿದ್ದವು. ಒಂದು ವರ್ಷ ಹಾಗೆ ಇಲ್ಲ ಇಲ್ಲ ಎಂದು ಟೈಪು ಮಾಡಿದಳು. ಆಮೇಲೆ ಅಕ್ಷರಗಳು ಒಂದರ ಮೇಲೊಂದು ಬೀಳತೊಡಗಿದವು. ಕೊಳವೆಯಲ್ಲಿ ಹಳದಿ ಈಗ ಬೆರಳಗಲವಾಗಿತ್ತು. ನೋಡುತ್ತ ಕೂತರೆ ಕಾಣುವುದಿಲ್ಲ ಎಂದಿದ್ದ ಅವನು. ಅವಳಿಗೆ ಪ್ರತಿ ಎಳೆಯೂ ಕಂಡಿತು. ಕೆಂಪು ಸದ್ದಿಲ್ಲದೆ, ಆತುರವಾಗಿ, ತಳಕ್ಕೆ ಇಳಿಯುತ್ತಿತ್ತು. ಗಂಟೆ ಮುಗಿದಾಗ ಅವನು ಬಗ್ಗಿ ನೋಡಿ ಅಂಕಿ ಹೇಳಿದ. ಈ ಕಟ್ಟಡದಲ್ಲಿ ಅವಳ ಕಿವಿಗೆ ಬಿದ್ದ ಮೊದಲ ರಕ್ತದ ಅಂಕಿ ಅವಳದೇ ಆಗಿತ್ತು. ಅದು ದೊಡ್ಡದಿತ್ತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಬೀಗದ ಕೈ ತಿರುಗಿಸಲಾಗದೆ ಬಾಗಿಲು ತಟ್ಟಿದಳು. ಅಕ್ಕ ಮೊಣಕೈಯಿಂದ ಚಿಲಕ ತಳ್ಳಿ ತೆರೆದಳು. ಕೂದಲು ಕೆದರಿತ್ತು, ಬೂದು ಸ್ವೆಟರಿನ ಒಂದು ತೋಳು ಅರ್ಧದಲ್ಲೇ ಸಿಕ್ಕಿಕೊಂಡು ಮೈಮೇಲೆ ತಿರುಚಿಕೊಂಡಿತ್ತು. ಬೆಳಗಿನಿಂದ ಹಾಗೇ ಇದ್ದಳೋ ಏನೋ. ಅದನ್ನು ನೋಡುತ್ತಿದ್ದ ಹಾಗೆ ಅವಳಿಗೆ ಎಲ್ಲವೂ ಹೊಳೆಯಿತು: ಬಣ್ಣ ಸಾಕಾದ ಸ್ವೆಟರು, ಅಂಗಡಿಯವನೇ ಕತ್ತರಿಸಿದ ಬ್ರೆಡ್ಡು, ಮುಚ್ಚಳ ಸಡಿಲಿಸಿ ಇಟ್ಟ ಜಾಡಿಗಳು.

“ನಿಂಗೆ ಯಾವಾಗ ಗೊತ್ತಾಯ್ತು?” ಎಂದಳು, ಹೊಸ್ತಿಲಲ್ಲೇ.

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?” ಎಂದಳು ಅಕ್ಕ. “ಗುಂಡಿ ಹಾಕೋವಾಗ ನೀನು ಉಸಿರು ಹಿಡೀತಿದ್ದೆ. ಒಂದೊಂದ್ ಗುಂಡಿಗೂ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ನಂಗೆ ಹೇಳೋಕೆ ಒಂದ್ ವರ್ಷ ಬೇಕಾಗಿತ್ತಲ್ಲ.” ಅಕ್ಕ ಒಳಗೆ ನಡೆದಳು. “ನೀನೇ ವಾಸಿ. ಬಾ, ಕೂತ್ಕೊ.”

ಅಡುಗೆಮನೆಯ ಮೇಜಿನ ಎರಡು ಬದಿಗೆ ಕೂತರು. ಇಬ್ಬರಿಗೂ ದೀಪ ಹಾಕುವ ಮನಸ್ಸಿರಲಿಲ್ಲ. ಕೆಲಸ ಹೋಗಬಹುದು ಎಂದಳು. ಹೋಗಲಿ ಎಂದಳು ಅಕ್ಕ. ಈಗ ಔಷಧ ಇದೆ, ನಿನ್ನ ಹಾಗೆ ಆಗಲ್ಲವಂತೆ ಎಂದಳು. ಎಂದಮೇಲೆ, ಎಂಥ ಮಾತು ಆಡಿದೆ ಎಂದು ನಾಚಿದಳು. ಅಕ್ಕ ನಕ್ಕಳು. ಆಮೇಲೆ ತನ್ನ ಬಾಗಿದ ಎರಡು ಕೈಗಳನ್ನೂ ಚಾಚಿ ತಂಗಿಯ ಬಲಗೈಯನ್ನು ತನ್ನ ಕಡೆಗೆ ಎಳೆದುಕೊಂಡು, ತನ್ನ ಹೆಬ್ಬೆರಳನ್ನು ಅವಳ ಹೆಬ್ಬೆರಳಿನ ಬುಡದ ಮೇಲೆ ಇಟ್ಟಳು. ಒತ್ತಿದಳು. ಒತ್ತಿದಳೆಂದು ಅವಳ ಹುಬ್ಬು ಗಂಟಿಕ್ಕಿದ್ದರಿಂದ ತಿಳಿಯಬೇಕು; ತಕ್ಕಡಿಯ ತಟ್ಟೆಯಾಗಿದ್ದರೆ ಮುಳ್ಳು ಅಲುಗುತ್ತಲೂ ಇರಲಿಲ್ಲ.

“ನೋವಿದೆಯಾ?”

“ಹೂಂ,” ಎಂದಳು. “ತುಂಬಾ ಇದೆ ಅಕ್ಕ.”

ಅಕ್ಕ ತಲೆಯಾಡಿಸಿ ಮುಂದಿನ ಬೆರಳಿಗೆ ಹೋದಳು. ತಂಗಿ ದಿನಾ ಬಂದು ಹೇಳುತ್ತಿದ್ದುದನ್ನು ಕೇಳಿ ಕೇಳಿ ಅವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಬೆರಳ ಬುಡ, ನಡು, ಮಣಿಕಟ್ಟು, ಮೊಣಕೈ, ಭುಜ. ಆಮೇಲೆ ಇನ್ನೊಂದು ಕೈ. ಪ್ರತಿ ಸಲವೂ ನಿಧಾನವಾಗಿ ಕೇಳಿದಳು. ಇವಳು ಇದ್ದದ್ದಕ್ಕೆ ಇದೆ, ಇಲ್ಲದ್ದಕ್ಕೆ ಇಲ್ಲ ಎಂದಳು, ಒಂದೂ ತಪ್ಪಿಲ್ಲದೆ, ಮೂಗು ಒರೆಸಿಕೊಳ್ಳುತ್ತ. ಅಕ್ಕ ಮೇಜಿನ ಕೆಳಗೆ ಬಗ್ಗಿ ಮಂಡಿಗಳನ್ನು ಮುಟ್ಟಿದಳು. ಇಪ್ಪತ್ತೆಂಟೂ ಆಯಿತು. ಮುಗಿಯಿತೆಂದು ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು.

ಅಕ್ಕ ಇನ್ನೂ ಬಗ್ಗಿಯೇ ಇದ್ದಳು.

“ಪಾದ?” ಎಂದಳು.